ಕೂಡಿದ ಎಲುಬು, ಹೊರಳದ ಕೈ

ನಾಗರ ಪಂಚಮಿ ಬಂತೆಂದರೆ ಸುರಪುರ, ಶಹಾಪುರ, ಯಾದಗಿರಿ ಕಡೆಯ ಊರುಗಳಲ್ಲಿ ಬೇವಿನ ಮರಕ್ಕೂ ಹುಣಸಿ ಮರಕ್ಕೂ ಹಗ್ಗ ಬೀಳುತ್ತದೆ. ಒಂದು ಕೈಯಲ್ಲಿ ಶೇಂಗಾ ಉಂಡಿ, ಇನ್ನೊಂದು ಕೈಯಲ್ಲಿ ಹಗ್ಗ. ಕೆಳಗೆ ನಿಂತವರು ‘ಇನ್ನಾ ಮ್ಯಾಲ, ಇನ್ನಾ ಮ್ಯಾಲ’ ಎಂದು ಹುರಿದುಂಬಿಸುತ್ತಾರೆ. ಸಂಜೆಯಾಗುವುದರೊಳಗೆ ಯಾವುದೋ ಓಣಿಯಲ್ಲಿ ಒಂದು ಮಗು ಜೋಕಾಲಿಯಿಂದ ಜಾರಿರುತ್ತದೆ. ಬೀಳುವಾಗ ಯಾರೇ ಆಗಲಿ ಮೊದಲು ಮಾಡುವುದು ನೆಲಕ್ಕೆ ಅಂಗೈ ಊರುವುದು. ಮೈಭಾರವೆಲ್ಲ ಅಂಗೈಯಿಂದ ಮುಂಗೈಗೆ ಏರುತ್ತದೆ. ಹಸಿ ಕಟ್ಟಿಗೆ ಮುರಿದಂತೆ ಎಲುಬು ಬಾಗಿ ಸೀಳುತ್ತದೆ.

ಮುಂದಿನದು ಈ ಸೀಮೆಯವರಿಗೆ ಹೊಸದಲ್ಲ. ಕೆಲವರು ಎಲುಬು ಕಟ್ಟುವವರ ಮನೆಗೆ ಓಡುತ್ತಾರೆ. ಅಲ್ಲಿ ಎಣ್ಣೆ ಹಚ್ಚಿ, ಜಗ್ಗಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಾರೆ. ಕೆಲವರು ದವಾಖಾನೆಗೆ ಹೋಗಿ ಸಿಮೆಂಟ್ ಪಟ್ಟಿ ಹಾಕಿಸಿಕೊಂಡು ಬರುತ್ತಾರೆ. ಐದಾರು ವಾರಕ್ಕೆ ಬಿಚ್ಚಿದಾಗ ನೋವಿಲ್ಲ, ಎಲುಬು ಕೂಡಿದೆ. ಸ್ವಲ್ಪ ಸೊಟ್ಟ ಕಾಣುತ್ತದೆ, ಅಷ್ಟೆ. ‘ಬೆಳಿಯೋ ಹುಡುಗ, ತಾನ ನೆಟ್ಟಗಾಗ್ತದ ತಗೋರಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಕೆಲವು ತಿಂಗಳ ನಂತರ ಒಂದು ದಿನ ಗುಡಿಯಲ್ಲಿ ಪೂಜಾರಿ ತೀರ್ಥ ಕೊಡುತ್ತಾನೆ. ಹುಡುಗನ ಬಲ ಅಂಗೈ ಮೇಲಕ್ಕೆ ತಿರುಗುವುದಿಲ್ಲ. ಅವನು ಮೊಳಕೈಯನ್ನು ಪಕ್ಕೆಗೆ ಒತ್ತಿ, ಭುಜ ವಾರೆ ಮಾಡಿ, ಮೈಯನ್ನೇ ಬಾಗಿಸುತ್ತಾನೆ. ತೀರ್ಥ ಬೆರಳ ಸಂದಿಯಿಂದ ಚೆಲ್ಲಿಹೋಗುತ್ತದೆ. ‘ಕೈ ಹೊರಳವಲ್ದು ಯವ್ವಾ’ ಎಂದಾಗಲೇ ಮನೆಯವರಿಗೆ ಗೊತ್ತಾಗುವುದು, ಕೂಡುವುದು ಬೇರೆ, ಸರಿಯಾಗಿ ಕೂಡುವುದು ಬೇರೆ ಎಂದು.

ಹೀಗೆ ಸೊಟ್ಟಗೆ ಕೂಡಿದ ಮುಂಗೈಯನ್ನು ಮತ್ತೆ ಕತ್ತರಿಸಿ ನೇರ ಮಾಡುವ ಶಸ್ತ್ರಚಿಕಿತ್ಸೆ ಹಳೆಯದೇ. ಕತ್ತರಿ ಮುಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಎಲುಬನ್ನು ಮೂರೂ ಆಯಾಮಗಳಲ್ಲಿ ಕಟ್ಟಿ, ಅಲ್ಲೇ ಒಮ್ಮೆ ಕತ್ತರಿಸಿ ಜೋಡಿಸಿ ನೋಡುವುದು ಹೊಸದು. ‘ತ್ರೀಡಿ ಆಪರೇಷನ್’ ಎಂಬ ಮಾತು ಈಗ ಜನರ ಕಿವಿಗೂ ಬಿದ್ದಿದೆ. ಅದು ಏನು, ಯಾರಿಗೆ ಬೇಕು ಎಂಬುದು ಮಾತ್ರ ಅರ್ಧಂಬರ್ಧ ಗೊತ್ತು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಯಾದಗಿರಿ ಜಿಲ್ಲೆಯಲ್ಲಿ ‘ಎಲುಬು ಸೊಟ್ಟ’ ಎಂದ ಕೂಡಲೇ ಕೊಳವೆಬಾವಿಯ ಫ್ಲೋರೈಡ್ ನೀರು ನೆನಪಾಗುತ್ತದೆ. ಅದು ಇಡೀ ಮೈಯ ಎಲುಬಿಗೆ ತಗಲುವ ಬಾಧೆ, ಅದರ ಕಥೆ ಬೇರೆ. ಇಲ್ಲಿ ಹೇಳುತ್ತಿರುವುದು ಮುರಿದು ತಪ್ಪಾಗಿ ಕೂಡಿದ ಮುಂಗೈಯ ವಿಷಯ.

ಬಕೀಟಿನ ಹಿಡಿಯ ಲೆಕ್ಕ

ಮೊಳಕೈಯನ್ನು ಸೊಂಟಕ್ಕೆ ಒತ್ತಿಕೊಂಡು ಅಂಗೈಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ತಿರುಗಿಸಿ ನೋಡಿ. ತಿರುಗುತ್ತಿರುವುದು ಮಣಿಕಟ್ಟು ಎನಿಸುತ್ತದೆ. ಅಲ್ಲ, ತಿರುಗುತ್ತಿರುವುದು ಇಡೀ ಮುಂಗೈ.

ಮುಂಗೈಯಲ್ಲಿ ಎರಡು ಎಲುಬುಗಳಿವೆ. ಕಿರುಬೆರಳ ಕಡೆಯದು ಅಲ್ನಾ, ಹೆಬ್ಬೆರಳ ಕಡೆಯದು ರೇಡಿಯಸ್. ಅಲ್ನಾ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ರೇಡಿಯಸ್ ಅದರ ಸುತ್ತ ಹೊರಳುತ್ತದೆ. ಬಕೀಟು ಮತ್ತು ಅದರ ಹಿಡಿಯನ್ನು ನೆನೆದುಕೊಂಡರೆ ಸಾಕು. ಹಿಡಿ ಎರಡು ತುದಿಗಳಲ್ಲಿ ಸಿಕ್ಕಿಕೊಂಡಿರುತ್ತದೆ, ನಡುವೆ ಬಾಗಿರುತ್ತದೆ, ಆ ಬಾಗಿನಿಂದಲೇ ಅಂಚಿಗೆ ತಾಗದೆ ಆ ಕಡೆ ಈ ಕಡೆ ಬೀಳುತ್ತದೆ. ರೇಡಿಯಸ್ಸಿಗೂ ಹುಟ್ಟಿನಿಂದಲೇ ಅಂಥ ಬಾಗು ಇದೆ. ಹಿಡಿಯ ಬಾಗು ಒಳಕ್ಕೆ ತಗ್ಗಿದರೆ ಬಕೀಟಿಗೆ ಬಡಿದು ನಿಲ್ಲುತ್ತದೆ. ಮುಂಗೈಯಲ್ಲೂ ಆಗುವುದು ಅದೇ. ಜೊತೆಗೆ ಎರಡು ಎಲುಬುಗಳ ನಡುವೆ ಗಟ್ಟಿ ಪೊರೆಯೊಂದಿದೆ. ಎಲುಬು ಸೊಟ್ಟಾದರೆ ಆ ಪೊರೆ ಒಂದು ಕಡೆ ಬಿಗಿದು ಹಗ್ಗದಂತೆ ಜಗ್ಗುತ್ತದೆ.

ಎಷ್ಟು ಸೊಟ್ಟಾದರೆ ತೊಂದರೆ? ಶವಗಳ ಮುಂಗೈ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡದ್ದು ಇಷ್ಟು: 10 ಡಿಗ್ರಿ ಬಾಗಿದರೆ ಹೊರಳುವಿಕೆ ಅಷ್ಟೇನೂ ಕುಗ್ಗುವುದಿಲ್ಲ, 20 ಡಿಗ್ರಿ ಬಾಗಿದರೆ ಚೆನ್ನಾಗಿಯೇ ಕುಗ್ಗುತ್ತದೆ. ದಿನದ ಬಹುತೇಕ ಕೆಲಸಕ್ಕೆ ಅಂಗೈ ಮೇಲ್ಮುಖವಾಗಿ 50 ಡಿಗ್ರಿ, ಕೆಳಮುಖವಾಗಿ 50 ಡಿಗ್ರಿ ಹೊರಳಿದರೆ ಸಾಕು ಎಂಬುದು ವೈದ್ಯರು ಒಪ್ಪಿಕೊಂಡು ಬಂದ ಅಳತೆ. ಒಟ್ಟು 100.

ಆದರೆ ಆ ಅಳತೆ ಹಾಕಿದವರು ರೊಟ್ಟಿ ಬಡಿದು ನೋಡಿರಲಿಕ್ಕಿಲ್ಲ. ಜೋಳದ ರೊಟ್ಟಿ ಬಡಿಯುವಾಗ ಅಂಗೈ ಪೂರ್ತಿ ನೆಲಮುಖವಾಗಿ ಹಿಟ್ಟಿನ ಮೇಲೆ ಮಟ್ಟಸವಾಗಿ ಬೀಳಬೇಕು. ಒಂದಂಚು ಮೊದಲು ತಾಗಿದರೆ ರೊಟ್ಟಿ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪ. ಬಡಿದದ್ದನ್ನು ಎತ್ತಿ ಹಂಚಿಗೆ ಹಾಕುವಾಗ ಅದೇ ಅಂಗೈ ಆಕಾಶಮುಖವಾಗಬೇಕು. ಒಂದು ಒಪ್ಪತ್ತಿನ ಅಡುಗೆಯಲ್ಲಿ ಇದು ಎಷ್ಟು ಸಲವೋ. ಹತ್ತಿ ಬಿಡಿಸುವಾಗ ಕಾಯಿಯೊಳಗೆ ಬೆರಳಿಟ್ಟು ಮುಂಗೈ ಹೊರಳಿಸುವ ಹೆಣ್ಣುಮಗಳ ಕೈಗೂ ಇದೇ ಲೆಕ್ಕ. ಅಂಗೈ ಕೆಳಕ್ಕೆ ಹೊರಳದಿದ್ದರೆ ಭುಜ ಎತ್ತಿ ಹೇಗೋ ನಿಭಾಯಿಸಬಹುದು. ಮೇಲಕ್ಕೆ ಹೊರಳದಿದ್ದರೆ ಭುಜ ಅಷ್ಟಾಗಿ ನೆರವಿಗೆ ಬರುವುದಿಲ್ಲ. ತೀರ್ಥ ಚೆಲ್ಲುವುದು ಅದಕ್ಕೇ.

ತಾನಾಗಿ ನೆಟ್ಟಗಾಗುತ್ತದೆಯೇ?

‘ಬೆಳೆಯುವ ಮಗು, ಸರಿಹೋಗುತ್ತದೆ’ ಎಂಬ ಮಾತು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ, ಅದು ಅರ್ಧ ನಿಜ. ಮುಂಗೈ ಉದ್ದ ಬೆಳೆಯುವುದು ಮುಕ್ಕಾಲು ಪಾಲು ಮಣಿಕಟ್ಟಿನ ಕಡೆಯ ಬೆಳವಣಿಗೆಯ ತಟ್ಟೆಯಿಂದ. ಹಾಗಾಗಿ ಎಂಟೊಂಬತ್ತು ವರ್ಷದೊಳಗಿನ ಮಗುವಿಗೆ ಮಣಿಕಟ್ಟಿನ ಹತ್ತಿರ ಮುರಿದಿದ್ದರೆ, ಕಣ್ಣಿಗೆ ಕಾಣುವಷ್ಟು ಸೊಟ್ಟ ಕೂಡ ಒಂದೆರಡು ವರ್ಷದಲ್ಲಿ ಕರಗಿಹೋಗುವುದುಂಟು. ಮುಂಗೈಯ ನಡುಭಾಗದಲ್ಲಿ ಮುರಿದಿದ್ದರೆ ಆ ಭಾಗ್ಯ ಕಡಿಮೆ. ಹನ್ನೆರಡು ದಾಟಿದವರಿಗೆ ಇನ್ನೂ ಕಡಿಮೆ. ಇನ್ನು ಎಲುಬಿನ ತುಂಡು ತನ್ನ ಅಕ್ಷದ ಮೇಲೇ ತಿರುಚಿಕೊಂಡು ಕೂಡಿದ್ದರೆ, ಆ ತಿರುಚು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ ಎಂದೇ ಹೇಳಬೇಕು.

ದೊಡ್ಡವರ ವಿಷಯದಲ್ಲೂ ಇಂಥದೇ ಒಂದು ಹಳೆಯ ಸಮಾಧಾನ ಇದೆ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲ್ಸ್ 1814ರಲ್ಲಿ, ಎಕ್ಸ್‌ರೇ ಬರುವುದಕ್ಕೆ 80 ವರ್ಷ ಮೊದಲು, ಮಣಿಕಟ್ಟಿನ ಮೇಲಿನ ಮುರಿತವನ್ನು ವಿವರಿಸಿ ಬರೆದ. ಸೊಟ್ಟ ಉಳಿದರೂ ಕಾಲಾಂತರದಲ್ಲಿ ಕೈ ಚೆನ್ನಾಗಿ ಆಡುತ್ತದೆ ಎಂದು ಅವನ ನಂಬಿಕೆ. ಆ ಮುರಿತವನ್ನು ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅವನ ಸಮಾಧಾನದ ಮಾತು ಎಷ್ಟೋ ಅಜ್ಜಿಯರ ಮಟ್ಟಿಗೆ ನಿಜವೂ ಆಗಿದೆ. ದುಡಿಯುವ ವಯಸ್ಸಿನವರಿಗೆ ಅದು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ದಬ್ಬೆಯ ತಪ್ಪು, ಪಟ್ಟಿಯ ತಪ್ಪು

ಪೇಟೆಯಲ್ಲಿ ಕೂತು ನಾಟಿ ವೈದ್ಯರನ್ನು ಬೈಯುವುದು ಸುಲಭ. ಬೈಯಬೇಕಾದ್ದೂ ಇದೆ. ದಬ್ಬೆ ಬಿಗಿಯಾಗಿ ರಕ್ತದೋಟ ನಿಂತು, ಬೆರಳು ಕಪ್ಪಾಗಿ, ಕೈಯನ್ನೇ ಕಳೆದುಕೊಂಡ ಮಕ್ಕಳನ್ನು ಎಲುಬಿನ ವೈದ್ಯರು ನೋಡುತ್ತಲೇ ಇರುತ್ತಾರೆ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ಬಿಡಿಸಿದರೆ ಚೀರುವಷ್ಟು ನೋವಾದರೆ ಕಟ್ಟು ಯಾರು ಕಟ್ಟಿದ್ದೇ ಆಗಿರಲಿ, ಆ ಕ್ಷಣವೇ ಬಿಚ್ಚಿಸಬೇಕು.

ಆದರೆ ಸೊಟ್ಟ ಕೂಡುವ ತಪ್ಪು ದಬ್ಬೆಯದೊಂದೇ ಅಲ್ಲ. ಮೊದಲ ದಿನ ಎಲುಬು ಸರಿಯಾಗಿ ಕೂಡಿಸಿ ಸಿಮೆಂಟ್ ಪಟ್ಟಿ ಹಾಕಿರುತ್ತಾರೆ, ಎಕ್ಸ್‌ರೇಯಲ್ಲೂ ಚೆಂದ ಕಾಣುತ್ತದೆ. ವಾರದೊಳಗೆ ಬಾವು ಇಳಿಯುತ್ತದೆ, ಪಟ್ಟಿ ಸಡಿಲಾಗುತ್ತದೆ, ಒಳಗಿನ ತುಂಡು ಮೆಲ್ಲಗೆ ಜಾರುತ್ತದೆ. ಮೊದಲ ಎರಡು ಮೂರು ವಾರ, ವಾರಕ್ಕೊಮ್ಮೆ ಎಕ್ಸ್‌ರೇ ತೆಗೆಸಬೇಕೆನ್ನುವುದು ಈ ಕಾರಣಕ್ಕೆ. ಹತ್ತನೇ ದಿನ ಸಿಕ್ಕಿದ ಜಾರು ಒಂದು ಚುಚ್ಚುಮದ್ದಿನ ಮಂಪರಿನಲ್ಲಿ ಸರಿಯಾಗಬಹುದು. ಅರವತ್ತನೇ ದಿನ ಸಿಕ್ಕಿದ ಜಾರಿಗೆ ಆಪರೇಷನ್ನೇ ಗತಿ. ನೋವು ನಿಂತ ಮೇಲೆ, ಕೂಲಿ ಬಿಟ್ಟು ಬಸ್ಸಿಗೆ ದುಡ್ಡು ಹೊಂದಿಸಿ ಮತ್ತೆ ದವಾಖಾನೆಗೆ ಹೋಗುವುದು ಯಾರ ಮನೆಯಲ್ಲೂ ಮೊದಲ ಕೆಲಸವಾಗುವುದಿಲ್ಲ. ಎಷ್ಟೋ ಕಡೆ ‘ಮುಂದಿನ ವಾರ ಬರ್ರಿ’ ಎನ್ನುವುದು ಚೀಟಿಯ ಮೂಲೆಯಲ್ಲಿ ಓದಲಾಗದ ಅಕ್ಷರವಾಗಿ ಉಳಿದಿರುತ್ತದೆ.

ನೆರಳು ನೋಡಿ ಅಳೆಯುವುದು

ಎಕ್ಸ್‌ರೇ ಎಂದರೆ ನೆರಳು. ಕಿಳ್ಳೇಕ್ಯಾತರ ತೊಗಲುಗೊಂಬೆ ಆಟ ನೋಡಿದವರಿಗೆ ಗೊತ್ತು, ಪರದೆಯ ಮೇಲೆ ಗೊಂಬೆ ಬಲಕ್ಕೆ ವಾಲಿದ್ದು ಕಾಣುತ್ತದೆ, ಪರದೆಯ ಕಡೆಗೆ ವಾಲಿದ್ದು ಕಾಣುವುದಿಲ್ಲ. ಅದಕ್ಕಾಗಿಯೇ ಮುಂಗೈಯನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ತೆಗೆಯುತ್ತಾರೆ.

ಎರಡು ನೆರಳು ಸೇರಿದರೂ ವಸ್ತುವಾಗುವುದಿಲ್ಲ. ಎದುರಿನಿಂದ 20 ಡಿಗ್ರಿ, ಪಕ್ಕದಿಂದ 20 ಡಿಗ್ರಿ ಸೊಟ್ಟ ಕಂಡಿತು ಎಂದುಕೊಳ್ಳಿ. ನಿಜವಾದ ಸೊಟ್ಟ 20 ಅಲ್ಲ, ಸುಮಾರು 27 ಡಿಗ್ರಿ. ಅದೂ ಎರಡು ದಿಕ್ಕುಗಳ ನಡುವಿನ ಮೂಲೆಯಲ್ಲಿ, ಯಾವ ಎಕ್ಸ್‌ರೇಯೂ ನೇರವಾಗಿ ನೋಡದ ದಿಕ್ಕಿನಲ್ಲಿ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೆಗೆಯಬಹುದು, ನುರಿತ ಶಸ್ತ್ರವೈದ್ಯರು ಹಾಗೆಯೇ ತೆಗೆಯುತ್ತ ಬಂದಿದ್ದಾರೆ. ಆದರೆ ಎಲುಬಿನ ತಿರುಚು? ದುಂಡನೆಯ ಕೋಲನ್ನು ಅದರ ಅಕ್ಷದಲ್ಲೇ ತಿರುಗಿಸಿದರೆ ನೆರಳು ಬದಲಾಗುವುದು ಅಷ್ಟಕ್ಕಷ್ಟೆ. ಎಕ್ಸ್‌ರೇ ಹೆಚ್ಚು ಮೋಸ ಮಾಡುವುದು ಇಲ್ಲಿ.

ಒಳ್ಳೆಯ ಕೈಯೇ ಸಾಕ್ಷಿ

ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕಟ್ಟಿದ ಸಿ.ಟಿ. ಯಂತ್ರ 1971ರಲ್ಲಿ ಮೊದಲ ರೋಗಿಯ ತಲೆಯನ್ನು ಹೋಳು ಹೋಳಾಗಿ ತೋರಿಸಿತು. 1979ರಲ್ಲಿ ಅವನಿಗೆ ನೊಬೆಲ್ ಬಂತು. ಇವತ್ತಿನ ಯಂತ್ರಗಳು ಮುಂಗೈಯನ್ನು ಒಂದು ಮಿಲಿಮೀಟರಿಗಿಂತ ತೆಳುವಾದ ನೂರಾರು ಹೋಳುಗಳಾಗಿ ಚಿತ್ರಿಸುತ್ತವೆ. ಕಲ್ಲಂಗಡಿ ಹೋಳುಗಳನ್ನು ಮತ್ತೆ ಜೋಡಿಸಿ ಹಣ್ಣು ಮಾಡಿದಂತೆ, ಕಂಪ್ಯೂಟರು ಅವನ್ನು ಒಂದರ ಮೇಲೊಂದು ಇಟ್ಟು ಎಲುಬನ್ನು ಕಟ್ಟುತ್ತದೆ. ರೋಗಿ ಬೋರಲು ಮಲಗಿ ಎರಡೂ ಕೈಗಳನ್ನು ತಲೆಯ ಮುಂದಕ್ಕೆ ಚಾಚುತ್ತಾನೆ. ಕೈ ಮೈಯಿಂದ ದೂರ ಇರುವುದರಿಂದ ಹೊಟ್ಟೆ, ಎದೆಗೆ ತಗಲುವ ವಿಕಿರಣ ಕಡಿಮೆ.

ಎರಡೂ ಕೈ ಏಕೆ? ಈ ವಿಧಾನದ ಜಾಣತನ ಇರುವುದೇ ಇದರಲ್ಲಿ. ಮುರಿಯುವ ಮೊದಲು ಈ ಮಗುವಿನ ಬಲಗೈ ಹೇಗಿತ್ತು ಎಂದು ಹೇಳಬಲ್ಲ ಸಾಕ್ಷಿ ಒಂದೇ, ಅದರ ಎಡಗೈ. ಎಡಗೈಯ ಎಲುಬನ್ನು ಕಂಪ್ಯೂಟರಿನಲ್ಲಿ ಕನ್ನಡಿಯ ಪ್ರತಿಬಿಂಬದಂತೆ ತಿರುವಿದರೆ ಅದು ಬಲಗೈಯಾಗುತ್ತದೆ. ಸೊಟ್ಟಗಾದ ಎಲುಬನ್ನು ಅದರ ಮೇಲೆ ಇಡುತ್ತಾರೆ. ಮೊದಲು ಮೊಳಕೈ ಕಡೆಯ ತುದಿಯನ್ನು ತುದಿಗೆ ಹೊಂದಿಸುತ್ತಾರೆ. ಆಗ ಮಣಿಕಟ್ಟಿನ ಕಡೆಯ ತುದಿ ಎಲ್ಲೋ ಪಕ್ಕಕ್ಕೆ ಹೋಗಿ ನಿಂತಿರುತ್ತದೆ. ಎಷ್ಟು ಡಿಗ್ರಿ ಬಾಗಿದೆ, ಎಷ್ಟು ತಿರುಚಿದೆ, ಎಷ್ಟು ಮಿಲಿಮೀಟರು ಮೋಟಾಗಿದೆ, ಎಲ್ಲವೂ ಆ ಅಂತರದಿಂದಲೇ ಗೊತ್ತಾಗುತ್ತದೆ.

ಆಮೇಲೆ ಕತ್ತರಿಸುವ ಆಟ. ಎಲ್ಲಿ ಕೊಯ್ದರೆ, ಯಾವ ಓರೆಯಲ್ಲಿ ಕೊಯ್ದರೆ ಒಂದೇ ಕೊಯ್ತಕ್ಕೆ ಬಾಗೂ ತಿರುಚೂ ಎರಡೂ ಸರಿಹೋಗುತ್ತವೆ? ರೇಡಿಯಸ್ ಒಂದೇ ಸಾಕೋ, ಅಲ್ನಾವನ್ನೂ ಕೊಯ್ಯಬೇಕೋ? ತೆರೆದುಕೊಳ್ಳುವ ಸಂದಿಗೆ ಸೊಂಟದ ಎಲುಬಿನ ಚೂರು ತುಂಬಬೇಕೋ? ಪ್ಲೇಟು ಎಲ್ಲಿ ಕೂರಬೇಕು? (ಜನರ ಬಾಯಲ್ಲಿ ಎಲ್ಲವೂ ‘ರಾಡು’, ಇಲ್ಲಿ ಹಾಕುವುದು ಚಪ್ಪಟೆ ಪ್ಲೇಟು ಮತ್ತು ಸ್ಕ್ರೂ.) ಪರದೆಯ ಮೇಲೆ ಹತ್ತು ಸಲ ಕೊಯ್ದು ಹತ್ತು ಸಲ ಕೂಡಿಸಬಹುದು, ಹನಿ ರಕ್ತ ಸುರಿಯುವುದಿಲ್ಲ. ಕೊನೆಗೆ ಪರದೆಯ ಮೇಲಿನ ಕೈಯನ್ನು ಹೊರಳಿಸಿ ಎಲುಬಿಗೆ ಎಲುಬು ಬಡಿಯುತ್ತದೆಯೇ ಎಂದೂ ನೋಡಬಹುದು.

ಸಾಕ್ಷಿಯೂ ನೂರಕ್ಕೆ ನೂರು ನಂಬಿಕಸ್ಥನಲ್ಲ ಎನ್ನುವುದು ನೆನಪಿರಲಿ. ಯಾರ ಎರಡು ಕೈಗಳೂ ಕರಾರುವಾಕ್ಕಾಗಿ ಒಂದೇ ಅಳತೆಯಲ್ಲಿ ಇರುವುದಿಲ್ಲ, ಕೆಲವು ಡಿಗ್ರಿ, ಕೆಲವು ಮಿಲಿಮೀಟರು ವ್ಯತ್ಯಾಸ ಇದ್ದೇ ಇರುತ್ತದೆ. ಎರಡೂ ಕೈ ಮುರಿದವರಿಗಂತೂ ಸಾಕ್ಷಿಯೇ ಇಲ್ಲ.

ಅಂಗೈಯಗಲದ ಅಚ್ಚು

ಪರದೆಯ ಮೇಲಿನ ಲೆಕ್ಕವನ್ನು ಆಪರೇಷನ್ ಕೋಣೆಗೆ ಸಾಗಿಸುವುದು ಹೇಗೆ? 27 ಡಿಗ್ರಿ ಎಂದು ಗೊತ್ತಾದರೆ ಸಾಲದು, ಕೈಯಲ್ಲಿ ಗರಗಸ ಹಿಡಿದವರಿಗೆ ಆ 27 ಕಣ್ಣಿಗೆ ಕಾಣಬೇಕಲ್ಲ. ಅದಕ್ಕೆ ಬಂದದ್ದು ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಅಚ್ಚು.

ನೋಡಲು ಅದು ಬೆರಳುದ್ದದ ಪ್ಲಾಸ್ಟಿಕ್ ತುಂಡು. ಒಳಮೈ ಆ ಒಬ್ಬ ರೋಗಿಯ ಎಲುಬಿನ ಏರುತಗ್ಗಿಗೆ ತಕ್ಕಂತೆ ಮೂಡಿರುತ್ತದೆ, ಇನ್ನೊಬ್ಬರ ಎಲುಬಿಗೆ ಕೂರುವುದಿಲ್ಲ. ಮೈಮೇಲೆ ಸಾಲಾಗಿ ರಂಧ್ರಗಳು, ನಡುವೆ ಗರಗಸ ಹೋಗುವಷ್ಟೇ ಅಗಲದ ಸೀಳು. ವೈದ್ಯರು ಎಲುಬಿನ ಮೇಲಿನ ಪೊರೆ ಸರಿಸಿ ಅಚ್ಚನ್ನು ಕೂರಿಸಿ, ತೆಳು ತಂತಿಯಿಂದ ಬಿಗಿಯುತ್ತಾರೆ. ಎಲುಬು ಇನ್ನೂ ಸೊಟ್ಟಗಿರುವಾಗಲೇ ಪ್ಲೇಟಿನ ಸ್ಕ್ರೂಗಳಿಗೆ ಬೇಕಾದ ತೂತುಗಳನ್ನು ಕೊರೆದುಬಿಡುತ್ತಾರೆ. ಆಮೇಲೆ ಸೀಳಿನೊಳಗಿಂದ ಎಲುಬು ಕೊಯ್ದು ಅಚ್ಚು ತೆಗೆದಿಡುತ್ತಾರೆ. ಈಗ ತೂತುಗಳು ಒಂದು ಸಾಲಿನಲ್ಲಿಲ್ಲ, ಅಡ್ಡಾದಿಡ್ಡಿ. ಪ್ಲೇಟು ಇಟ್ಟು ಒಂದೊಂದೇ ಸ್ಕ್ರೂ ತಿರುಗಿಸುತ್ತ ಹೋದಂತೆ ತೂತುಗಳು ಸಾಲಿಗೆ ಬರುತ್ತವೆ. ತೂತು ಸಾಲಿಗೆ ಬಂದಾಗ ಎಲುಬು ನೇರವಾಗಿರುತ್ತದೆ. ಬಡಗಿ ಚೌಕಟ್ಟು ಜೋಡಿಸುವ ಮೊದಲೇ ಬೆಣೆಯ ತೂತು ಕೊರೆದಿಟ್ಟುಕೊಳ್ಳುವ ಹಾಗೆ.

ಕೇಳಲು ಸಲೀಸು, ಮಾಡಲು ಅಷ್ಟು ಸಲೀಸಲ್ಲ. ಮಣಿಕಟ್ಟಿನ ಹತ್ತಿರ ಎಲುಬಿಗೆ ಉಬ್ಬುತಗ್ಗು ಇರುವುದರಿಂದ ಅಚ್ಚು ಬೀಗಕ್ಕೆ ಕೀಲಿ ಬಿದ್ದಂತೆ ಕೂರುತ್ತದೆ. ಮುಂಗೈಯ ನಡುವೆ ಎಲುಬು ನುಣುಪು ಕೊಳವೆ, ಅಲ್ಲಿ ಅಚ್ಚು ಮೇಲೆ ಕೆಳಗೆ ಜಾರಿದರೂ ಸರಿಯಾಗಿ ಕೂತಂತೆಯೇ ತೋರುತ್ತದೆ. ಜಾರಿದ ಅಚ್ಚಿನಿಂದ ಕೊಯ್ದರೆ ತಪ್ಪೂ ಅಷ್ಟೇ ಕರಾರುವಾಕ್ಕಾಗಿ ಆಗುತ್ತದೆ. ಅಗ್ಗದ ಪ್ರಿಂಟರಿನ ಪಿ.ಎಲ್.ಎ. ಪ್ಲಾಸ್ಟಿಕ್ಕಿನದು ಇನ್ನೊಂದು ಫಜೀತಿ. ಆಪರೇಷನ್ ಸಾಮಾನು ಬೇಯಿಸುವ ಹಬೆಯ ಕುಕ್ಕರಿನಲ್ಲಿ ಅದು ಮೆತ್ತಗಾಗಿ ಆಕಾರ ಕೆಡುತ್ತದೆ. ಬಿಸಿ ತಾಳುವ ನೈಲಾನ್ ಬಳಸಬೇಕು, ಇಲ್ಲವೇ ಅನಿಲದಿಂದ ಶುದ್ಧಿ ಮಾಡಬೇಕು. ಇನ್ನು ಮುಂಗೈಯಲ್ಲಿ ಬೆರಳು ಎತ್ತುವ ನರ ಎಲುಬಿಗೆ ಅಂಟಿಕೊಂಡೇ ಹೋಗುತ್ತದೆ. ಅದನ್ನು ಕಾಯುವುದು ಕಂಪ್ಯೂಟರಲ್ಲ, ವೈದ್ಯರ ಕೈ.

ಎಲ್ಲರಿಗೂ ಬೇಕೇ?

ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ವೈದ್ಯರು ಇಂಥ ಯೋಜನೆ ಮತ್ತು ಅಚ್ಚಿನಿಂದ ಕೈಯೆಲುಬು ನೇರ ಮಾಡಿದ್ದನ್ನು 2008ರಲ್ಲಿ ಪ್ರಕಟಿಸಿದರು. ಜೂರಿಕ್ಕಿನ ಬಾಲ್‌ಗ್ರಿಸ್ಟ್ ಆಸ್ಪತ್ರೆ, ನೆದರ್ಲೆಂಡ್ಸಿನ ಹಲವು ತಂಡಗಳು ಇದನ್ನು ಬೆಳೆಸಿದವು. ಮಕ್ಕಳ ಮುಂಗೈ ಬಗ್ಗೆ ಅದುವರೆಗೆ ಬಂದ ವರದಿಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಡಚ್ ವೈದ್ಯರು ನೋಡಿದಾಗ ಒಳ್ಳೆಯ ಫಲದ ಜೊತೆಗೆ ಮೂರು ಸಂಗತಿ ಕಂಡವು: ಸೊಟ್ಟ 20 ಡಿಗ್ರಿಗಿಂತ ಹೆಚ್ಚಿದ್ದದ್ದು, ಮೂರು ಆಯಾಮದ ಯೋಜನೆ ಬಳಸಿದ್ದು, ಮುರಿದ ಒಂದು ವರ್ಷದೊಳಗೆ ಆಪರೇಷನ್ ಆದದ್ದು.

ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಕೊನೆಯದೇ ದೊಡ್ಡದು. ಎರಡು ಮೂರು ವರ್ಷ ಹೊರಳದೆ ನಿಂತ ಕೈಯಲ್ಲಿ ಎಲುಬುಗಳ ನಡುವಿನ ಪೊರೆಯೂ ಕೀಲಿನ ಸುತ್ತಲ ಕಟ್ಟೂ ಕುಗ್ಗಿ ಗಟ್ಟಿಯಾಗಿರುತ್ತವೆ. ಆಮೇಲೆ ಎಲುಬನ್ನು ಕೂದಲೆಳೆ ತಪ್ಪದಂತೆ ನೇರ ಮಾಡಿದರೂ ಕೈ ಪೂರ್ತಿ ಹೊರಳದೇ ಹೋಗಬಹುದು. ಸಿ.ಟಿ. ಚಿತ್ರದಲ್ಲಿ ಎಲುಬು ಕಂಡಷ್ಟು ಚೆನ್ನಾಗಿ ಪೊರೆಯ ಬಿಗಿತ ಕಾಣುವುದಿಲ್ಲ.

ದೊಡ್ಡವರ ಮಣಿಕಟ್ಟಿನ ಮೇಲೆ, ಹಳೆಯ ವಿಧಾನ ಮತ್ತು ಹೊಸ ವಿಧಾನವನ್ನು ಚೀಟಿ ಎತ್ತಿ ಹಂಚಿ ಹೋಲಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಎಲುಬು ಹೊಸ ವಿಧಾನದಲ್ಲಿ ಹೆಚ್ಚು ನೇರವಾಗಿ ಕೂತಿತು. ರೋಗಿಗೆ ಆದ ಅನುಕೂಲದಲ್ಲಿ ಮಾತ್ರ ಖಚಿತ ಎನ್ನುವಷ್ಟು ಅಂತರ ಕಾಣಲಿಲ್ಲ, ರೋಗಿಗಳ ಸಂಖ್ಯೆಯೂ ಸಣ್ಣದಿತ್ತು. ಒಂದೇ ದಿಕ್ಕಿನಲ್ಲಿ ಬಾಗಿದ ಸರಳ ಸೊಟ್ಟಕ್ಕೆ ಅನುಭವಿ ಕೈ, ಎರಡು ಎಕ್ಸ್‌ರೇ ಸಾಕಾಗಬಹುದು. ಎರಡೂ ಎಲುಬು ಸೊಟ್ಟಾಗಿ ತಿರುಚಿಕೊಂಡಿದ್ದರೆ ಮಾತ್ರ ಈ ಸಾಹಸಕ್ಕೆ ಬೆಲೆ ಬರುತ್ತದೆ. ‘ತ್ರೀಡಿ’ ಎಂಬ ಹೆಸರಿಗೇ ಬಿಲ್ಲಿನಲ್ಲಿ ಒಂದು ಸಾಲು ಏರುವ ಕಾಲ ಇದು. ‘ನಮ್ಮ ಹುಡುಗಗ ಇದು ಯಾಕ ಬೇಕ್ರಿ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಸಿ.ಡಿ. ಹಿಡಿದು ಹೋಗುವ ದಾರಿ

ಸುರಪುರದಿಂದ ಶಹಾಪುರ ದಾಟಿ ಕಲಬುರಗಿಗೆ ನೂರು ಕಿಲೋಮೀಟರ್ ಮೇಲೆ. ಯಾದಗಿರಿಯಿಂದ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರಿಗೆ ಒಂದು ರಾತ್ರಿ. ಯಾದಗಿರಿಗೆ ಈಗ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಕಲಬುರಗಿ, ರಾಯಚೂರುಗಳಲ್ಲಿ ಅದಕ್ಕಿಂತ ಮೊದಲೇ ಇವೆ. ಈ ವಿಧಾನದ ಒಂದು ಗುಣ ದೂರದ ಊರಿನವರಿಗೆ ಅನುಕೂಲದ್ದು: ಯೋಜನೆಗೆ ರೋಗಿ ಹೋಗಬೇಕಿಲ್ಲ, ಚಿತ್ರ ಹೋದರೆ ಸಾಕು. ಒಂದೂರಲ್ಲಿ ಸಿ.ಟಿ., ಇನ್ನೊಂದೂರಲ್ಲಿ ಲೆಕ್ಕ, ಮತ್ತೊಂದೂರಲ್ಲಿ ಅಚ್ಚು, ಆಪರೇಷನ್ ಕೈಯ ವೈದ್ಯರು ಇರುವಲ್ಲಿ. ಲೆಕ್ಕ ಹಾಕುವ ತಂತ್ರಾಂಶಗಳಲ್ಲಿ ‘ತ್ರೀಡಿ ಸ್ಲೈಸರ್’ನಂಥ ಉಚಿತವಾದವೂ ಇವೆ. ಅಗ್ಗವಲ್ಲದ್ದು ಅದನ್ನು ಬಳಸಿ ಯೋಚಿಸಬಲ್ಲವರ ಸಮಯ.

ಹಾಗಾಗಿ ಸಿ.ಟಿ. ಮಾಡಿಸುವ ಪ್ರಸಂಗ ಬಂದರೆ ಎರಡೂ ಮುಂಗೈ, ಮೊಳಕೈಯಿಂದ ಮಣಿಕಟ್ಟಿನವರೆಗೆ ಪೂರ್ತಿ, ತೆಳು ಹೋಳಿನಲ್ಲಿ ಬೇಕೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಮುರಿದ ಜಾಗ ಒಂದನ್ನೇ ತೆಗೆಸಿದರೆ ಈ ಕೆಲಸಕ್ಕೆ ಬರುವುದಿಲ್ಲ, ಮತ್ತೊಮ್ಮೆ ಖರ್ಚು, ಮತ್ತೊಮ್ಮೆ ವಿಕಿರಣ. ಕಪ್ಪು ಫಿಲ್ಮು ಸಾಲದು, ಸಿ.ಡಿ. ಬೇಕು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಆಪರೇಷನ್ನಿಗೆ ಎಷ್ಟು, ರೆಫರಲ್ ಚೀಟಿ ಯಾರು ಕೊಡಬೇಕು ಎಂಬುದನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಕೇಳಿ ಹೊರಡಬೇಕು. ಶಾಲೆಗೆ ಮಕ್ಕಳ ತಪಾಸಣೆಗೆಂದು ಬರುವ ಆರೋಗ್ಯ ತಂಡಕ್ಕೆ ಗುರುಗಳು ಇಂಥ ಕೈಯನ್ನೂ ತೋರಿಸಬಹುದು. ಹಲ್ಲು, ಕಣ್ಣು ನೋಡುವವರು ಹೊರಳದ ಕೈಯನ್ನು ತಾವಾಗಿ ಗಮನಿಸುವುದು ಕಷ್ಟ, ಸುಮ್ಮನೆ ನಿಂತ ಹುಡುಗನ ಕೈ ನೆಟ್ಟಗೇ ಕಾಣುತ್ತಿರುತ್ತದೆ.

ಪಂಚಮಿಯಿಂದ ವಿಜಯದಶಮಿಗೆ ಒಂಬತ್ತು ವಾರ. ಜೋಕಾಲಿಯಿಂದ ಬಿದ್ದ ಮಗುವಿನ ಕಟ್ಟು ಬಿಚ್ಚಿ, ಬಿಗಿತ ಬಿಟ್ಟು, ಕೈ ಆಡಲು ತೊಡಗಿರಬೇಕಾದ ಹೊತ್ತು. ಅವತ್ತು ಸಂಜೆ ಮಕ್ಕಳು ಮನೆಮನೆಗೆ ಬನ್ನಿ ಹಿಡಿದು ಬರುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ದೊಡ್ಡವರು ತಿರುಗಿ ಎಲೆ ಕೊಡುವಾಗ ಹುಡುಗ ಎರಡೂ ಅಂಗೈ ಮುಂದೆ ಒಡ್ಡುತ್ತಾನೆ. ಆಗ ಮೊಳಕೈ ಪಕ್ಕೆಗೆ ತಾಗಿದೆಯೇ, ಎರಡೂ ಅಂಗೈ ಸಮವಾಗಿ ಆಕಾಶ ನೋಡುತ್ತಿವೆಯೇ ಎಂದು ಒಮ್ಮೆ ನೋಡಿ. ಒಂದು ಅಂಗೈಯಿಂದ ಎಲೆ ಜಾರಿದರೆ ಮರುದಿನವೇ ಬಸ್ಸು ಹತ್ತಿ.